ಬೆಲ್ಟಿಗೆ ಒಂದು ಕೈ

ಫೆಬ್ರವರಿ ೬, ೧೯೮೭, ಶುಕ್ರವಾರ

ಬಲ್ಬಿನ ಕಂಪನಿಯವರು ಡೀಲರುಗಳಿಗೆ ಪುಕ್ಕಟೆ ಹಂಚಿದ ಡೈರಿ ಇದು. ಜನವರಿ ಪೂರ್ತಿ ಖಾಲಿ ಬಿಟ್ಟಿದ್ದೆ. ಖಾಲಿ ಹಾಳೆ ಕಂಡರೆ ನನಗೆ ಬಾಡಿಗೆಗೆ ಹೋಗದ ಮಳಿಗೆ ಕಂಡ ಹಾಗಾಗುತ್ತದೆ. ಇವತ್ತು ಬರೆಯಲು ತಕ್ಕದ್ದೂ ಒಂದಿದೆ.

ಕುಣಿಗಲ್ಲಿನಲ್ಲಿ ಇನ್ವರ್ಟರ್ ಕೂರಿಸಿ ಬಂದೆ. ಸೈಕಲ್ಲಿನ ಹಿಂದೆ ಡಬ್ಬ ಕಟ್ಟಿಕೊಂಡು ಬಲ್ಬು ಮಾರುತ್ತಿದ್ದ ಈ ಮಾದೇವ ಇವತ್ತು ತುಮಕೂರು ಮಂಡಿಪೇಟೆಯ ಎಲೆಕ್ಟ್ರಿಕಲ್ ಅಂಗಡಿ ಮಹಾದೇವಯ್ಯನವರಾಗಿ, ಟೆಂಪೋದಲ್ಲಿ ಮುಂದಿನ ಸೀಟಿನಲ್ಲಿ ಕೂತು ಹೋದರು. ಗಿರಾಕಿ ಸರ್ವಮಂಗಳಮ್ಮ. ಗಂಡ ಬಸ್ ಕಂಡಕ್ಟರು, ಮನೆಯಲ್ಲಿರುವುದು ಕಡಿಮೆ. ಆಕೆ ದೊಡ್ಡ ಗ್ರೈಂಡರ್ ಇಟ್ಟುಕೊಂಡು ಬೀದಿಯವರ ಅಕ್ಕಿ, ಉದ್ದು ರುಬ್ಬಿಕೊಡುತ್ತಾರೆ. ಈಗ ಪದೇ ಪದೇ ಕರೆಂಟು ಹೋಗಿ ನೆನೆಸಿದ್ದೆಲ್ಲ ಹುಳಿಬರುತ್ತಿದೆ, ಬರುವವರು ಬೈಯುತ್ತಿದ್ದಾರೆ.

ಲೆಕ್ಕ ಹಾಕಿ ತೋರಿಸಿದೆ. ಎರಡು ಬಲ್ಬು, ಒಂದು ಫ್ಯಾನು, ಕಾಲು ಎಚ್.ಪಿ. ಮೋಟಾರು. ಎಲ್ಲ ಕೂಡಿಸಿದರೂ ಐನೂರು ವ್ಯಾಟಿನ ಡಬ್ಬದಲ್ಲಿ ಇನ್ನೂ ಜಾಗ ಉಳಿಯುತ್ತದೆ. ಇದು ಓಡುವ ಲೆಕ್ಕ. ಬೆಂಗಳೂರಿನಿಂದ ಮಾಲು ಕಳಿಸುವ ವೆಂಕಟೇಶಯ್ಯ ಬೇರೊಂದು ಲೆಕ್ಕ ಹೇಳಿದ್ದ: ‘ಸಾರ್, ಮೋಟಾರು ಓಡೋದು ಬೇರೆ, ಎದ್ದೇಳೋದು ಬೇರೆ. ಏಳೋವಾಗ ಐದಾರು ಪಟ್ಟು ಕರೆಂಟು ಎಳೆಯುತ್ತೆ. ಮೋಟಾರ್ ಇರೋ ಮನೆಗೆ ದೊಡ್ಡದೇ ಕೊಡಿ.’ ದೊಡ್ಡದು ಕೊಡುವುದು ಅವನಿಗೇನು ಕಷ್ಟ? ಅದಕ್ಕೆ ಲಾರಿ ಬ್ಯಾಟರಿ ಎರಡು ಬೇಕು. ಬೆಲೆ ಕೇಳಿದ ಹೆಂಗಸು ‘ನಮ್ಮನೆಯವರನ್ನ ಕೇಳಿ ಹೇಳ್ತೀನಿ’ ಎಂದು ಮೆಟ್ಟಿಲಿಳಿದರೆ ಮತ್ತೆ ಹತ್ತುವುದಿಲ್ಲ. ಚಿಕ್ಕವು ನನ್ನ ಗೋಡೌನಿನಲ್ಲಿ ಧೂಳು ಕುಡಿಯುತ್ತಿವೆ.

ಸ್ವಿಚ್ಚು ಹಾಕಿದೆ. ಬಲ್ಬು ಹತ್ತಿತು, ಫ್ಯಾನು ತಿರುಗಿತು. ಗ್ರೈಂಡರಿನ ಸ್ವಿಚ್ಚು ಹಾಕಿದರೆ ಮೋಟಾರು ಗುಂಯ್ ಎಂದು ಮುಲುಕಿತೇ ಹೊರತು ಕಲ್ಲು ಅಲ್ಲಾಡಲಿಲ್ಲ. ಬಲ್ಬು ಕೆಂಪಗಾಯಿತು. ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದಾರೆ. ಬಗ್ಗಿ, ಪಕ್ಕದ ಬೆಲ್ಟನ್ನು ಎರಡು ಬೆರಳಿನಲ್ಲಿ ಮುಂದಕ್ಕೆ ತಳ್ಳಿದೆ. ಮೋಟಾರು ಎದ್ದಿತು, ಕಲ್ಲು ತಿರುಗಿತು.

‘ಏನಣ್ಣ ಅದು, ತಳ್ಳಬೇಕಾ?’ ಎಂದರು ಸರ್ವಮಂಗಳಮ್ಮ.

‘ಮೊದಲ ಸುತ್ತಿಗೆ ಮನೆಯೊಡತಿ ಕೈ ಬೀಳಬೇಕು ತಾಯಿ. ಅದೇ ಶಾಸ್ತ್ರ. ಆಮೇಲೆ ಅದರ ಪಾಡಿಗೆ ಅದು ಓಡುತ್ತೆ.’

‘ಅಂಗಾದ್ರೆ ನಮ್ಮನೆಯೋರ ಥರಾನೇ ಬುಡಿ. ಬೆಳಿಗ್ಗೆ ಒಂದು ಸಲ ನೂಕ್ಬೇಕು, ಆಮೇಲೆ ಸಂಜೆಗಂಟ ಓಡ್ತಾರೆ.’

ಬಾಗಿಲಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕ ಮನೆಯಲ್ಲಿ ವ್ಯಾಪಾರ ಕುದುರುತ್ತದೆ. ಬರುವಾಗ ಹೆಬ್ಬೂರಿನಲ್ಲಿ ಟೆಂಪೋ ನಿಲ್ಲಿಸಿ ಡ್ರೈವರಿಗೂ ಕಾಫಿ ಕುಡಿಸಿದೆ.

ಫೆಬ್ರವರಿ ೧೭, ಮಂಗಳವಾರ

ಸರ್ವಮಂಗಳಮ್ಮನ ಅಕ್ಕ ಸಿದ್ಧಗಂಗಮ್ಮ ಗುಬ್ಬಿಯಿಂದ ತಾವೇ ಅಂಗಡಿಗೆ ಬಂದರು. ಇವರದೂ ತಂಗಿಯಂತೆಯೇ ರುಬ್ಬುವ ಕಸುಬು. ನಾನು ಬಾಯಿ ತೆರೆಯುವ ಮುಂಚೆಯೇ, ‘ನಮ್ಮ ತಂಗಿ ಮನೇಲಿರೋದೇ ಕೊಡಿ’ ಎಂದರು. ಮಾತಾಡದೆ ಮಾರಿದ್ದು ಇದೇ ಮೊದಲು. ನನ್ನ ನಾಲಿಗೆಗೆ ಕೆಲಸವಿಲ್ಲದಂತಾಯಿತು ಎಂದು ಸ್ವಲ್ಪ ಬೇಸರವೇ ಆಯಿತು.

ಕೂರಿಸಲು ನಾನು ಹೋಗಲಿಲ್ಲ, ವೈರಿಂಗಿನವನನ್ನು ಕಳಿಸಿದೆ. ಬಂದು ಹೇಳಿದ: ‘ಆಯಮ್ಮಂಗೆ ನಾನೇನೂ ಹೇಳ್ಕೊಡೋ ಹಂಗೇ ಇರ್ಲಿಲ್ಲ ಸಾರ್. ತಂಗಿ ಕುಣಿಗಲ್ಲಿಂದ ಬಂದು ಬೆಲ್ಟಿಗೆ ಕೈ ಹಾಕೋದು ತೋರಿಸ್ತಾ ಇದ್ರು. ಮಾದೇವಣ್ಣನ ಕೈ ಅಂತ ಹೆಸರು ಬೇರೆ ಇಟ್ಟವ್ರೆ.’

ಹೆಸರು ಮಾಡಬೇಕೆಂದು ಈ ಊರಿಗೆ ಬಂದವನು ನಾನು. ಆಯಿತಲ್ಲ.

ಗೂಳೂರಿನವರೊಬ್ಬರೂ ಇಂಥದ್ದೇ ಒಯ್ದರು. ಅಲ್ಲಿ ನಾನೇ ಹೋಗಿ ತೋರಿಸಿಕೊಟ್ಟೆ. ಅಲ್ಲಿಯೂ ಶಾಸ್ತ್ರದ ಮಾತನ್ನೇ ಹೇಳಿದೆ. ಚೆನ್ನಾಗಿ ನಡೆಯುವ ಮಾತು.

ಮಾರ್ಚ್ ೩, ಮಂಗಳವಾರ

ಸರ್ವಮಂಗಳಮ್ಮನ ಕೈ ಬೆಲ್ಟಿಗೆ ಸಿಕ್ಕಿತಂತೆ. ಬಲಗೈ.

ಗಂಡ ಬಸ್ಸು ನಿಲ್ಲಿಸಿ ಅಂಗಡಿಗೆ ಬಂದು ಹೇಳಿಹೋದರು. ‘ನಿಮ್ಮ ಮಿಷನ್‌ಗೆ ಏನೂ ಆಗಿಲ್ಲ ಅಣ್ಣ, ಗಾಬರಿ ಬೀಳ್ಬೇಡಿ’ ಎಂದರು.

ಮಾರ್ಚ್ ೫, ಗುರುವಾರ

ಮೂಸಂಬಿ ತೆಗೆದುಕೊಂಡು ಕುಣಿಗಲ್ ಆಸ್ಪತ್ರೆಗೆ ಹೋಗಿದ್ದೆ. ಉಂಗುರದ ಬೆರಳಿನ ಮೇಲಿನ ಗೆಣ್ಣು ತೆಗೆದಿದ್ದಾರೆ. ನಡುಬೆರಳಿಗೆ ಹೊಲಿಗೆ ಹಾಕಿದ್ದಾರೆ, ಅದು ಮಡಚುತ್ತದೋ ಇಲ್ಲವೋ ನೋಡಬೇಕಂತೆ.

ನಾನು ಹೋದೊಡನೆ ಆಕೆ ಎದ್ದು ಕೂರಲು ನೋಡಿದರು. ಸೆರಗು ಸರಿಮಾಡಿಕೊಳ್ಳಲು ಬಲಗೈ ಎತ್ತಿ, ನೆನಪಾಗಿ, ಎಡಗೈಯಲ್ಲಿ ಎಳೆದುಕೊಂಡರು.

‘ನಂದೇ ತಪ್ಪು ಕಣಣ್ಣ. ನೀವು ಎರಡೇ ಬೆರಳಲ್ಲಿ ತೋರಿಸಿದ್ರಿ. ಅವತ್ತು ಹಿಟ್ಟು ಗಟ್ಟಿ ಇತ್ತು, ಎರಡು ಬೆರಳಿಗೆ ಜಗ್ಗಲಿಲ್ಲ. ನಾನು ಕೈ ಪೂರ್ತಿ ಕೊಟ್ಬಿಟ್ಟೆ.’

ನಾನು ಏನಾದರೂ ಹೇಳಬೇಕಿತ್ತು. ಹೇಳಿದೆ.

‘ಜೋಪಾನವಾಗಿರಬೇಕಲ್ಲ ತಾಯಿ. ಮಿಷನ್ ಅಂದ ಮೇಲೆ ಗಮನ ಇರಬೇಕು.’

ಆಕೆ ತಪ್ಪಿತಸ್ಥರ ಹಾಗೆ ತಲೆಯಾಡಿಸಿದರು. ಪಕ್ಕದ ಮಂಚದ ಮುದುಕಿ, ‘ಕೇಳುಸ್ಕೊಂಡ್ಯೇನೇ? ದೊಡ್ಡೋರು ಹೇಳೋದು’ ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಯಾರೋ ಕೂಸು ಎತ್ತಿಕೊಂಡವರು ಬಂದರು ಎಂದು ಎದ್ದುಕೊಟ್ಟು ತುಮಕೂರಿನವರೆಗೂ ನಿಂತುಕೊಂಡೇ ಬಂದೆ. ಸೊಂಟ ಹಿಡಿದುಕೊಂಡಿದೆ.

ಆ ಜೋಪಾನದ ಮಾತು ನಾನೇ ಹೇಳಿದೆ. ಯಾರೂ ಕೇಳಿರಲಿಲ್ಲ.

ಮಾರ್ಚ್ ೧೨, ಗುರುವಾರ

ನಿಟ್ಟೂರಿನ ಕದರಯ್ಯ ಬಂದಿದ್ದ. ಸ್ಕೂಟರು, ಮೊಪೆಡ್ಡು ರಿಪೇರಿಯವನು. ಪಂಕ್ಚರಿಗೆ ಗಾಳಿ ತುಂಬುವ ಕಂಪ್ರೆಸರಿಗೆ ಇನ್ವರ್ಟರ್ ಬೇಕಂತೆ. ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ. ಇಂಥ ಗಿರಾಕಿ ಬರುವುದು ಮದುವೆ ಸಂಬಂಧ ತಾನಾಗಿ ಮನೆಗೆ ಬಂದ ಹಾಗೆ.

‘ಮೋಟಾರು ಎಷ್ಟು ಎಚ್.ಪಿ.?’ ಎಂದೆ.

‘ಅರ್ಧ.’

‘ಟ್ಯಾಂಕಿನಲ್ಲಿ ಅರ್ಧ ಗಾಳಿ ಇದ್ದಾಗ ನಿಂತುಹೋಗಿ, ಮತ್ತೆ ಅಲ್ಲಿಂದಲೇ ಏಳಬೇಕಾದರೆ ಹೇಗೆ ಏಳುತ್ತೆ, ಸುಲಭವಾಗಿಯೋ, ಮುಲುಕುತ್ತೋ?’

‘ಕರೆಂಟ್ ಇರೋವಾಗ್ಲೇ ಮುಲುಕ್ತದೆ ಸ್ವಾಮಿ. ಒಂದ್ಸಲ ನೂಕ್ಬೇಕು.’

‘ಹಾಗಾದರೆ ನನ್ನ ಹತ್ತಿರ ಇರುವುದು ಯಾವುದೂ ಆಗುವುದಿಲ್ಲ. ಮೂರು ಸಾವಿರ ವ್ಯಾಟಿನದು ತರಿಸಬೇಕು. ಅದರ ದುಡ್ಡಿಗೆ ಸೀಮೆಎಣ್ಣೆ ಎಂಜಿನ್ನೇ ಬರುತ್ತೆ, ಹೋಗಿ ಅದನ್ನು ತಗೊ.’

ಕದರಯ್ಯ ನನ್ನ ಮುಖವನ್ನೇ ನೋಡಿದ. ‘ಏನಣ್ಣೋ, ಮೈ ಹುಷಾರಿಲ್ವಾ?’ ಎಂದ.

ಗಂಟಲು ಕೆರೆಯುತ್ತಿದೆ, ಅದಕ್ಕೇ ಮಾತು ಹೊರಡುತ್ತಿಲ್ಲ ಅನ್ನಿಸುತ್ತದೆ. ಶುಂಠಿ ಕಷಾಯ ಮಾಡಿಸಬೇಕು. ಹೀಗೇ ಆದರೆ ಅಂಗಡಿಗೆ ಬೀಗ.

ಮಾರ್ಚ್ ೧೯, ಗುರುವಾರ

ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟು ಹೋಯಿತು. ಚಟ್ನಿ ಆಗಿಲ್ಲ. ‘ನಮ್ಮನೆಯಲ್ಲೂ ಇನ್ವರ್ಟರ್ ಇದೆಯಲ್ಲೇ, ಮಿಕ್ಸಿ ಹಾಕೋಕೇನು ಕಷ್ಟ?’ ಎಂದೆ.

ಹೆಂಡತಿ ನೀಲಮ್ಮ ತಟ್ಟೆ ಇಡುತ್ತಾ, ‘ನೀವೇ ಬೇಡ ಅಂದಿದ್ರಲ್ಲ’ ಎಂದಳು.

‘ಯಾವಾಗ?’

‘ತಂದ ದಿನಾನೇ. ಮೋಟಾರು ಏಳೋದು ಈ ಡಬ್ಬದ ಕೈಲಾಗಲ್ಲ, ಲೈಟು ಫ್ಯಾನಿಗೆ ಅಷ್ಟೇ, ಮಿಕ್ಸಿ ಮುಟ್ಟಿದ್ರೆ ನೋಡು ಅಂದ್ರಿ. ನಾನು ಅವತ್ತಿಂದ ಹಾಕೇ ಇಲ್ಲ.’

ಅವಳು ಸುಮ್ಮನೆ ಹೇಳಿದ್ದು. ಸಾರು ಬಡಿಸುತ್ತಾ ಹೇಳಿದ್ದು. ಬಡಿಸಿದವಳು ತಲೆಯೆತ್ತಿ, ‘ಕುಣಿಗಲ್ ಆಯಮ್ಮನ ಮನೇಲಿರೋದು ಯಾವುದು?’ ಎಂದಳು.

‘ಬೇರೆ ಮಾಡಲ್ಲು’ ಎಂದೆ.

ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡೆ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಮಾತಾಡಿದ್ದೇನೆ, ನನ್ನ ಮನೆಯಲ್ಲಿ ಒಂದು ಸುಳ್ಳಿಗೆ ಎರಡು ಪದ ಸಾಕಾಗಲಿಲ್ಲ ಅನ್ನಿಸುವಂತೆ ನೋಡಿದಳು.

ಮಾರ್ಚ್ ೨೪, ಮಂಗಳವಾರ

ಒಂದು ಯೋಚನೆ ಬಂದಿದೆ, ಒಳ್ಳೆಯ ವ್ಯಾಪಾರದ ಯೋಚನೆ. ವೆಂಕಟೇಶಯ್ಯನಿಗೆ ಟ್ರಂಕ್ ಕಾಲ್ ಮಾಡಿ ಎರಡು ಸಾವಿರ ವ್ಯಾಟಿನ ಇನ್ವರ್ಟರ್ ಒಂದು ತರಿಸಿದ್ದೇನೆ, ಜೊತೆಗೆ ಲಾರಿ ಬ್ಯಾಟರಿ ಎರಡು. ಇದನ್ನು ಕುಣಿಗಲ್ಲಿನಲ್ಲಿ ಕೂರಿಸಿ ಚಿಕ್ಕದನ್ನು ವಾಪಸು ತರುವುದು. ‘ಕಂಪನಿಯವರು ಒಳ್ಳೆಯ ಗಿರಾಕಿಗಳಿಗೆ ಉಗಾದಿ ಉಡುಗೊರೆ ಕೊಡುತ್ತಿದ್ದಾರೆ, ಜಿಲ್ಲೆಗೇ ನೀವೊಬ್ಬರೇ’ ಎಂದು ಹೇಳುವುದು. ಅವರಿಗೂ ಸಂತೋಷ, ನನ್ನ ಹೆಸರೂ ಉಳಿಯುತ್ತದೆ. ನೀಲಮ್ಮನಿಗೆ ಹೇಳಿದೆ.

‘ಕಂಪನಿಯವರು ಯಾವ ಊರಲ್ಲಿ ಉಡುಗೊರೆ ಕೊಟ್ಟಿದ್ದಾರೆ?’ ಎಂದಳು.

‘ಗಿರಾಕಿಗೆ ಅದೆಲ್ಲ ಯಾಕೆ?’

‘ಅದೂ ಸರಿ’ ಎಂದು ಒಳಗೆ ಹೋದಳು. ಇತ್ತೀಚೆಗೆ ನನ್ನೊಡನೆ ಜಗಳ ಆಡುವುದನ್ನೇ ಬಿಟ್ಟಿದ್ದಾಳೆ.

ಮಾರ್ಚ್ ೩೦, ಸೋಮವಾರ, ಉಗಾದಿ

ಪೆನ್ನು ಹಿಡಿಯಲಾಗುತ್ತಿಲ್ಲ. ಅಕ್ಷರ ಕಾಗೆ ಕಾಲು ಬಿದ್ದ ಹಾಗಿದೆ. ಆದರೂ ನಿನ್ನೆಯದು ಬರೆಯಬೇಕು.

ಬೆಳಿಗ್ಗೆ ಟೆಂಪೋದಲ್ಲಿ ಕುಣಿಗಲ್ಲಿಗೆ ಹೋದೆ. ಸರ್ವಮಂಗಳಮ್ಮನ ಗ್ರೈಂಡರಿನ ಮುಂದೆ ಜನ ಕಡಿಮೆ. ಎಡಗೈಯಲ್ಲಿ ಹಿಟ್ಟು ಬಳಿಯುವುದು ಇನ್ನೂ ರೂಢಿಯಾಗಿಲ್ಲವಂತೆ, ನಿಧಾನವಾಗುತ್ತದೆ. ಬಂದವರು ಬೇರೆ ಕಡೆ ಹೋಗುತ್ತಿದ್ದಾರೆ. ನಡುಬೆರಳು ಮಡಚುತ್ತಿಲ್ಲ.

ಉಡುಗೊರೆಯ ಮಾತು ಹೇಳಿದೆ. ನಿರರ್ಗಳವಾಗಿ ಬಂತು, ಗಂಟಲೂ ಕೆರೆಯಲಿಲ್ಲ. ಆಕೆಯ ಕಣ್ಣಲ್ಲಿ ನೀರು ಬಂತು.

‘ನೋಡಣ್ಣ, ನನ್ನ ತಪ್ಪಿಗೆ ನೀವು ಇಷ್ಟು ತಲೆ ಕೆಡಿಸ್ಕೊಂಡಿದೀರಾ. ಒಡಹುಟ್ಟಿದೋರೂ ಮಾಡಲ್ಲ.’

ವೈರು ಬದಲಾಯಿಸಿ, ಮನೆಯ ಮೇಯಿನ್ ಸ್ವಿಚ್ಚು ಆರಿಸಿ, ಗ್ರೈಂಡರಿನಲ್ಲಿ ಅಕ್ಕಿ ತುಂಬಿಸಿ ಸ್ವಿಚ್ಚು ಹಾಕಿದೆ. ಆಕೆ ಅಭ್ಯಾಸಬಲದಿಂದ ಬಗ್ಗಿ ಎಡಗೈಯನ್ನು ಬೆಲ್ಟಿನ ಕಡೆಗೆ ಚಾಚಿದರು. ಕೈ ಅಷ್ಟು ದೂರ ಹೋಗುವುದರೊಳಗೆ ಕಲ್ಲು ತಾನಾಗಿ ಎದ್ದು ತಿರುಗಿತು. ಬಲ್ಬು ಕೆಂಪಗೂ ಆಗಲಿಲ್ಲ.

ಚಾಚಿದ ಕೈ ಹಾಗೆಯೇ ನಿಂತಿತು.

‘ಆರಿಸಿ’ ಎಂದರು. ಆರಿಸಿದೆ. ‘ಹಾಕಿ.’ ಹಾಕಿದೆ. ತಿರುಗಿತು. ‘ಇನ್ನೊಂದ್ಸಲ.’ ನಾನು ಸ್ವಿಚ್ಚು ಹಾಕುತ್ತಾ ಆರಿಸುತ್ತಾ ಇದ್ದೆ, ಆಕೆ ಬೆಲ್ಟನ್ನೇ ನೋಡುತ್ತಿದ್ದರು. ಪ್ರತಿ ಸಲವೂ ಅದು ಯಾರ ಕೈಯನ್ನೂ ಕೇಳದೆ ಎದ್ದಿತು.

‘ಅಂಗಾದ್ರೆ ತಳ್ಳೋದು ಶಾಸ್ತ್ರ ಅಲ್ಲ.’

‘ಅಲ್ಲ’ ಎಂದೆ.

‘ಆ ಡಬ್ಬ ಸಾಲ್ತಿರ್ಲಿಲ್ಲ.’

‘ಸಾಲುತ್ತಿರಲಿಲ್ಲ.’

‘ನಿಮಗೆ ಅವತ್ತೇ ಗೊತ್ತಿತ್ತಾ?’

ಈ ಪ್ರಶ್ನೆಗೆ ನನ್ನ ಹತ್ತಿರ ಹತ್ತು ಜವಾಬು ಇದ್ದವು. ಗೊತ್ತಿತ್ತು ಎಂದೆ. ಅದೇ ಯಾಕೆ ಬಂತೋ ತಿಳಿಯದು.

ಬೈಯುತ್ತಾರೆಂದು ನಿಂತೆ. ಬೈಯಲಿಲ್ಲ. ಗೋಡೆಯ ಗಡಿಯಾರ ನೋಡಿದರು. ‘ನಮ್ಮಕ್ಕ ಇವತ್ತು ಹೂರಣ ರುಬ್ತಾವ್ಳೆ. ಹಬ್ಬ ಅಂತ ಅರ್ಧ ಗುಬ್ಬಿ ಅವಳ ಬಾಗಿಲಲ್ಲಿರ್ತದೆ. ಸಾಯಂಕಾಲ ಕರೆಂಟ್ ಹೋಗ್ತದೆ. ಹೂರಣ ಹಿಟ್ಟಿಗಿಂತ ಗಟ್ಟಿ.’ ಮಡಚದ ಬೆರಳಿದ್ದ ಕೈಯನ್ನು ಮುಂದೆ ಹಿಡಿದರು. ‘ಅವಳಿಗೆ ತಳ್ಳೋದು ಹೇಳ್ಕೊಟ್ಟೋಳು ನಾನು. ಹೋಗಿ ಸಾಹುಕಾರ್ರೇ, ಇನ್ನೂ ಯಾಕೆ ನಿಂತಿದೀರಾ?’

ಅಣ್ಣ ಎನ್ನಲಿಲ್ಲ.

ಟೆಂಪೋದವನು ಹಬ್ಬದ ಸಾಮಾನು ತರಬೇಕೆಂದು ತುಮಕೂರಿನಲ್ಲಿ ನನ್ನನ್ನು ಇಳಿಸಿಬಿಟ್ಟ. ಗುಬ್ಬಿ ಬಸ್ಸುಗಳೆಲ್ಲ ಹಬ್ಬದ ಜನದಿಂದ ತುಂಬಿ, ನಿಲ್ಲದೆ ಹೋಗುತ್ತಿದ್ದವು. ಕೊನೆಗೆ ಒಂದರ ಬಾಗಿಲಿಗೆ ಜೋತುಬಿದ್ದೆ. ಗುಬ್ಬಿಯಲ್ಲಿ ಇಳಿಯುವಾಗ ಬೀದಿಯ ದೀಪವಿಲ್ಲ, ಅಂಗಡಿಗಳಲ್ಲಿ ಲಾಟೀನು ಹಚ್ಚುತ್ತಿದ್ದರು. ಕರೆಂಟು ಹೋಗಿಯಾಗಿತ್ತು. ಪಂಚೆ ಎತ್ತಿಕಟ್ಟಿ ಓಡಿದೆ. ಈ ಹೊಟ್ಟೆ ಹೊತ್ತುಕೊಂಡು ನಾನು ಓಡಿದ್ದನ್ನು ಕಂಡ ಒಬ್ಬ, ‘ಬಸ್ಸು ಆ ಕಡೆ ಸ್ವಾಮಿ!’ ಎಂದು ಕೂಗಿ ಹೇಳಿದ.

ಸಿದ್ಧಗಂಗಮ್ಮನ ಮನೆಯ ಮುಂದೆ ಹೆಂಗಸರ ಸಾಲು, ಕೈಯಲ್ಲಿ ಬೋಸಿ, ಪಾತ್ರೆ. ಒಳಗೆ ಬಲ್ಬು ಕೆಂಪಗಿತ್ತು. ಮೋಟಾರು ಗುಂಯ್ ಎನ್ನುತ್ತಿತ್ತು. ಆಕೆ ಬಳೆ ಹಿಂದಕ್ಕೆ ಸರಿಸಿಕೊಂಡು ಬಗ್ಗಿದ್ದರು.

‘ಕೈ ತೆಗೀರಿ!’

ಸಾಲನ್ನು ನುಗ್ಗಿಕೊಂಡು ಹೋಗಿ ವೈರನ್ನೇ ಕಿತ್ತೆ. ಬಲ್ಬೂ ಆರಿತು. ಕತ್ತಲಲ್ಲಿ ಯಾವಳೋ, ‘ಯಾವನ್ಲಾ ಅವ್ನು, ಹೆಂಗಸ್ರ ಮಧ್ಯ ನುಗ್ಗೋನು?’ ಎಂದಳು. ಬುಡ್ಡಿ ದೀಪ ತಂದರು. ಸಿದ್ಧಗಂಗಮ್ಮ ನನ್ನ ಗುರುತು ಹಿಡಿದು, ‘ಅಯ್ಯೋ, ನಮ್ಮ ಇನ್ವರ್ಟರ್ ಮಾದೇವಣ್ಣ ಕಣ್ರೇ! ಕೂತ್ಕೊಳ್ಳಿ ಅಣ್ಣ. ಏನಾಯ್ತು?’ ಎಂದರು.

ಆಗಲೂ ಒಂದು ದಾರಿ ಇತ್ತು. ಫ್ಯೂಸು ಹೋಗಿದೆ ಅನ್ನಬಹುದಿತ್ತು. ಬ್ಯಾಟರಿ ಇಳಿದಿದೆ ಅನ್ನಬಹುದಿತ್ತು.

‘ಈ ಡಬ್ಬ ಈ ಮೋಟಾರನ್ನ ಎಬ್ಬಿಸಲ್ಲ ತಾಯಿ. ಅದಕ್ಕೇ ತಳ್ಳಬೇಕಾಗಿರೋದು. ಮಾರುವಾಗಲೇ ನನಗೆ ಗೊತ್ತಿತ್ತು. ನಿಮ್ಮ ತಂಗಿ ಬೆರಳು ಹೋಗಿದ್ದು ಅವರ ತಪ್ಪಿನಿಂದ ಅಲ್ಲ, ನನ್ನಿಂದ.’

ಸಿದ್ಧಗಂಗಮ್ಮ ತಮ್ಮ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡರು. ಚಳಿಗೆ ಸುತ್ತಿಕೊಂಡ ಹಾಗೆ.

ಸಾಲಿನಲ್ಲಿದ್ದ ಹನುಮಮ್ಮ ಎಂಬ ಗಟ್ಟಿಗಿತ್ತಿ ಬೋಸಿಯನ್ನು ದಡ್ ಎಂದು ನೆಲಕ್ಕಿಟ್ಟಳು. ‘ಅದೆಲ್ಲ ಸರಿ. ಬೆಂದ ಬೇಳೆ ಬೆಲ್ಲ ಕಲಸ್ಕೊಂಡು ಕೂತೈತೆ. ನಾಳೆ ಹಬ್ಬ. ಈಗ ನಮ್ಮ ಹೂರಣ ಯಾವನ್ ರುಬ್ತಾನೆ?’

ಎಲ್ಲರೂ ನನ್ನ ಕಡೆ ನೋಡಿದರು.

ಹಿತ್ತಲಲ್ಲಿ ಒರಳುಕಲ್ಲಿತ್ತು. ಹನುಮಮ್ಮ ನೀರು ಹಾಕಿ ತೊಳೆದಳು. ನಾನು ಅಂಗಿ ಕಳಚಿ ಗೂಟಕ್ಕೆ ಹಾಕಿ ಕೂತೆ. ಗುಂಡನ್ನು ತಿರುಗಿಸಲು ನನಗೆ ಬರುವುದಿಲ್ಲ. ‘ಅಂಗಲ್ಲ, ಎಡಗೈಯಲ್ಲಿ ಒಳಕ್ಕೆ ತಳ್ಳು,’ ‘ಗಂಡ್ಸು ಕೂತವ್ನೆ ನೋಡ್ರೇ, ಬಸುರಿ ಕೂತಂಗೆ,’ ಎಂದು ಎಲ್ಲರೂ ಕಲಿಸುವವರೇ. ಒಬ್ಬಳ ಬೋಸಿ ಮುಗಿದರೆ ಇನ್ನೊಬ್ಬಳದು. ಅಂಗೈ ಗುಳ್ಳೆ ಎದ್ದು ಒಡೆಯಿತು. ಬೆಲ್ಲ ತಾಕಿ ಉರಿಯುತ್ತಿತ್ತು. ನಡುವೆ ಕರೆಂಟು ಬಂತು, ಬೀದಿಯಲ್ಲಿ ಮಕ್ಕಳು ಹೋ ಎಂದರು. ಗ್ರೈಂಡರಿನ ಕಡೆ ನೋಡಿದೆ. ಸಿದ್ಧಗಂಗಮ್ಮ ಅದರ ಹತ್ತಿರ ಹೋಗಲಿಲ್ಲ. ನಾನೂ ಏಳಲಿಲ್ಲ.

ಆ ಮನೆಗೂ ದೊಡ್ಡದು ತರಿಸಬೇಕು. ಗೂಳೂರಿನವರಿಗೆ ಇವತ್ತು ಬೆಳಿಗ್ಗೆಯೇ ಹೋಗಿ ವೈರು ಕಿತ್ತು ಬಂದೆ. ಹಬ್ಬದ ದಿನ ಬಾಗಿಲಿಗೆ ಬಂದವನೆಂದು ಬೇವು ಬೆಲ್ಲ ಕೈಗೆ ಹಾಕಿದರು. ಬಂದ ಕಾರಣ ಹೇಳಿದ ಮೇಲೆ ಊಟಕ್ಕೆ ಏಳಿ ಎನ್ನಲಿಲ್ಲ. ಸರಿಯೇ.

ನೀಲಮ್ಮ ಅಂಗೈಗೆ ಹರಳೆಣ್ಣೆ ಹಚ್ಚಿದಳು. ಏನಾಯಿತೆಂದು ಕೇಳಲಿಲ್ಲ, ನಾನೇ ಹೇಳಿದೆ. ಕೇಳುವಷ್ಟು ಕೇಳಿ, ‘ರುಬ್ಬೋದಾದ್ರೂ ನೆಟ್ಟಗೆ ಮಾಡಿದ್ರಾ?’ ಎಂದಳು.

ನಿನ್ನೆ ರಾತ್ರಿ ಕಡೆಯ ಬೋಸಿ ಹನುಮಮ್ಮನದೇ ಆಗಿತ್ತು. ರುಬ್ಬಿ ಮುಗಿಸಿ ಕೊಟ್ಟಾಗ, ಬೆರಳಲ್ಲಿ ಒಂದಿಷ್ಟು ತೆಗೆದುಕೊಂಡು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. ದೀಪದ ಹತ್ತಿರ ಹಿಡಿದು ಇನ್ನೊಮ್ಮೆ ನೋಡಿದಳು. ಬೋಸಿಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿದಳು.

‘ತರಿ ಐತೆ. ಇನ್ನೂ ನುಣ್ಣಗಾಗ್ಲಿ.’